ಬೈಲಿಗೆ ಮಣ್ಣು ತುಂಬಿದ ವರ್ಷ

ನಮ್ಮ ಕಲ್ಯಾಣಪುರದಲ್ಲಿ ಬೇಸಾಯ ಬಿಟ್ಟ, ತಗ್ಗಿನ ಬೈಲು ಗದ್ದೆಗಳು ಎಷ್ಟು ಬೇಕಾದರೂ ಉಂಟು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಆಮೇಲೆ ಹುಲ್ಲು, ಸೊಳ್ಳೆ, ಹಾವು. "ಈ ಹಾಳು ಗದ್ದೆಯನ್ನು ಎಂತ ಮಾಡುವುದು?" ಎಂದು ನೀವೂ ಕೇಳಿರಬಹುದು. ನಾವೂ ಕೇಳಿದ್ದೆವು. ನಾನು ಡುಲ್ಸಿನ್. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನಮ್ಮ ಗದ್ದೆಯ ಆಚೆಗೆ ಸ್ವರ್ಣಾ ಹೊಳೆ. ಉಬ್ಬರದಲ್ಲಿ ಅದಕ್ಕೆ ಸಮುದ್ರದ ಉಪ್ಪುನೀರು ಏರುತ್ತದೆ. ಗದ್ದೆಯ ಈಚೆ ಬದಿಗೆ ನಮ್ಮದೇ ಒಂದು ಬಾಡಿಗೆ ಕೋಣೆ, ಅದಕ್ಕೊಂದು ಬಾವಿ. ಅಲ್ಲಿ ಬಾದಾಮಿ ಕಡೆಯ ಬಾಲಪ್ಪ, ಲಕ್ಕವ್ವ ಎಂಬ ಗಂಡ ಹೆಂಡತಿ ಇದ್ದರು. ಬಾಲಪ್ಪನಿಗೆ ಗಾರೆ ಕೆಲಸ. ಲಕ್ಕವ್ವ ಜೋಳದ ರೊಟ್ಟಿ ಬಡಿದು ಅವರ ಕಡೆಯ ಕೆಲಸಗಾರರಿಗೆ ಮಾರುತ್ತಿದ್ದಳು.

ಮಣಿಪಾಲದಿಂದ ಶರೋನ್ ಎಂಬ ಹುಡುಗಿ ಮೂರು ವರ್ಷ ನಮ್ಮ ಗದ್ದೆಗೆ ಬಂದಳು. ಜೌಗು ನೆಲದಲ್ಲಿ, ಹುಲ್ಲುಗಾವಲಿನಲ್ಲಿ ಯಾವ ಗಿಡದ ಜೊತೆ ಯಾವ ಗಿಡ ಬೆಳೆಯುತ್ತದೆ ಎಂಬುದೇ ಅವಳ ಸಂಶೋಧನೆ. ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಣಿಸುವುದು. ನಮ್ಮ ಯಜಮಾನರು ಸ್ಟ್ಯಾನಿಸ್ಲಾಸ್, "ಹುಲ್ಲು ಎಣಿಸುವ ಮೇಡಂ ಬಂದರು" ಎಂದು ನಗುತ್ತಿದ್ದರು.

ಆ ವರ್ಷ ಪಕ್ಕದ ಮದುವೆ ಹಾಲ್‌ನವರು ಕಾರು ನಿಲ್ಲಿಸಲು ಜಾಗ ಕೇಳಿದರು. ಗದ್ದೆಗೆ ಮಣ್ಣು ತುಂಬಿಸುವುದೆಂದು ನಮ್ಮ ಯಜಮಾನರು ಹೊರಟರು. ಸುದ್ದಿ ತಿಳಿದು ಶರೋನ್ ಓಡಿ ಬಂದಳು.

"ಬೇಡ ಅಂಕಲ್. ಇಲ್ಲಿ ನಲವತ್ತೊಂದು ಜಾತಿಯ ಗಿಡ ಉಂಟು."

"ಇದ್ದರೆ ಎಂತ? ಸಾರು ಮಾಡಲಿಕ್ಕೆ ಆಗ್ತದಾ?"

"ಗಿಡ ನೋಡಿದರೆ ನೆಲದಡಿಯ ನೀರು ಗೊತ್ತಾಗ್ತದೆ. ಮನೆಯ ಕಡೆ ನೈದಿಲೆ ಉಂಟು, ಅಂದರೆ ಅಲ್ಲಿ ಸಿಹಿನೀರು. ಹೊಳೆಯ ಕಡೆ ಉಪ್ಪು ತಾಳುವ ಹುಲ್ಲು ಉಂಟು. ಆ ಹುಲ್ಲು ಮೂರು ವರ್ಷದಲ್ಲಿ ಎಂಟು ಹೆಜ್ಜೆ ಈಚೆ ಬಂದಿದೆ, ಅಂದರೆ ನೆಲದಡಿಯ ಉಪ್ಪುನೀರೂ ಬಂದಿದೆ. ಗದ್ದೆಯಲ್ಲಿ ನಿಂತ ಮಳೆನೀರು ಇಂಗಿ ಇಂಗಿ ಆ ಉಪ್ಪುನೀರು ಬಾವಿಯವರೆಗೆ ಬರದ ಹಾಗೆ ತಡೆದಿದೆ. ಮಣ್ಣು ತುಂಬಿದರೆ ಆ ನೀರು ಚರಂಡಿಗೆ ಹೋಗ್ತದೆ. ಮೊದಲು ಹಾಳಾಗುವುದು ಲಕ್ಕವ್ವನ ಬಾವಿ."

"ಆ ಬಾವಿ ನನ್ನ ಅಪ್ಪನ ಕಾಲದ್ದು ಮಾರಾಯ್ತಿ. ಒಂದು ದಿನವೂ ಉಪ್ಪಾಗಲಿಲ್ಲ. ನೀನು ಹುಲ್ಲು ನೋಡಿ ಬಾವಿಯ ಭವಿಷ್ಯ ಹೇಳ್ತೀಯಾ?"

ಶರೋನ್ ನನ್ನ ಕಡೆ ತಿರುಗಿದಳು. "ಆಂಟಿ, ನೀವಾದರೂ ಹೇಳಿ."

ಗದ್ದೆ ನಮ್ಮಿಬ್ಬರ ಹೆಸರಿನಲ್ಲಿ ಇತ್ತು. ನಾನು ಬೇಡ ಎಂದಿದ್ದರೆ ಕೆಲಸ ನಿಲ್ಲುತ್ತಿತ್ತು. ಅವಳು ಹೇಳಿದ್ದು ಸರಿ ಎಂದು ನನಗೆ ಒಳಗೊಳಗೇ ಅನಿಸಿತ್ತು ಕೂಡ. ಆದರೆ ನಾನು, "ಚಾ ಕುಡಿ ಮಗಳೇ" ಎಂದೆ. ಅಷ್ಟೇ.

ಆರು ದಿನ ಟಿಪ್ಪರ್ ಓಡಿತು. ಆ ಮಳೆಗಾಲ ನೀರೆಲ್ಲ ರಸ್ತೆಯ ಮೇಲೆ ಹರಿದು ಹೊಳೆ ಸೇರಿತು.

ಮುಂದಿನ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಲಕ್ಕವ್ವ ರೊಟ್ಟಿ ಹಿಡಿದು ಬಂದಳು.

"ಅಕ್ಕಾರ, ಇದನ್ನ ತಿಂದು ನೋಡ್ರಿ. ನಾ ಹಿಟ್ಟಿಗೆ ಉಪ್ಪು ಹಾಕಂಗಿಲ್ರಿ. ಆದ್ರೂ ಉಪ್ಪಾಗೇತಿ ಅಂತ ಮಂದಿ ವಾಪಸ್ ಕೊಡಾಕತ್ತಾರ. ನನ್ನ ಕೈಯಾಗ ಏನ್ ತಪ್ಪಾತೋ ತಿಳೀವಲ್ದು."

ತುಂಡು ಬಾಯಿಗಿಟ್ಟೆ. ನುಂಗಲಿಕ್ಕೆ ಆಗಲಿಲ್ಲ. "ನಿನ್ನ ತಪ್ಪಲ್ಲ ಲಕ್ಕವ್ವ, ನಮ್ಮದು" ಎಂದೆ.

ನಮ್ಮ ಯಜಮಾನರು ಆ ಬಾವಿಗೆ ಹೋಗಿ ನೀರು ಸೇದಿ ಕುಡಿದರು. ಉಗುಳಿದರು. ಮತ್ತೊಮ್ಮೆ ಕುಡಿದು ನೋಡಿದರು.

ನಮ್ಮ ಮನೆಯ ಬಾವಿಯಿಂದ ಅವರಿಗೆ ನೀರು ಕೊಟ್ಟೆವು. ಮೇ ತಿಂಗಳಿಗೆ ಅದೂ ಉಪ್ಪಾಯಿತು. ಬಾಲಪ್ಪ, ಲಕ್ಕವ್ವ ಗಂಟುಮೂಟೆ ಕಟ್ಟಿ ಕಾರ್ಕಳಕ್ಕೆ ಹೋದರು. ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವರು ಹೋದ ಮರುದಿನ ಇವರು ಶರೋನ್‌ಗೆ ಫೋನ್ ಮಾಡಿದರು. "ನೀನು ಹೇಳಿದಾಗ ಕೇಳಬೇಕಿತ್ತು ಮಗಾ. ಮಣ್ಣು ತೆಗೆದರೆ ಸರಿಯಾಗ್ತದಾ?"

"ತೆಗೆಯಿರಿ ಅಂಕಲ್. ಆದರೆ ಮೊದಲಿನ ಹಾಗೆ ಆಗ್ತದೆ ಎಂದು ನಾನು ಹೇಳುವುದಿಲ್ಲ."

ತೆಗೆಸಿದೆವು. ಎರಡು ಮಳೆಗಾಲ ಕಳೆಯಿತು. ಶರೋನ್ ಮತ್ತೆ ಬಂದು ಎಣಿಸಿದಳು. ಹನ್ನೊಂದು ಜಾತಿ. ನೈದಿಲೆ ಇಲ್ಲ. ಬಾವಿ ಈಗ ಜನವರಿಯವರೆಗೆ ಸಿಹಿ, ಆಮೇಲೆ ಉಪ್ಪು. ಲಕ್ಕವ್ವನನ್ನು ಕರೆಯಲು ಕಾರ್ಕಳಕ್ಕೆ ಹೋದೆ. "ಇಲ್ಲಿ ನೀರು ಚಲೋ ಅದಾವ್ರಿ ಅಕ್ಕಾರ" ಎಂದಳು. ನಾನು ಒಬ್ಬಳೇ ಬಸ್ ಹತ್ತಿ ವಾಪಸ್ ಬಂದೆ.

ಹೋದ ತಿಂಗಳು ಪಕ್ಕದ ಕೆಮ್ಮಣ್ಣು ಊರಿನ ರಾಯ್‌ಸ್ಟನ್ ತನ್ನ ಬೈಲಿಗೆ ಮಣ್ಣು ಹಾಕಿಸುತ್ತಾನೆ ಎಂದು ಕೇಳಿ ಇವರೇ ಸ್ಕೂಟರ್ ಹತ್ತಿ ಹೋದರು. "ನಮ್ಮ ಬಾವಿಯ ನೀರು ಒಂದು ಗುಟುಕು ಕುಡಿ, ಆಮೇಲೆ ಬೇಕಾದರೆ ಹಾಕಿಸು" ಎಂದರಂತೆ. ರಾಯ್‌ಸ್ಟನ್ ಬಂದು ಕುಡಿದ. ಅವನ ಬೈಲು ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಬೇಸಾಯ ಬಿಟ್ಟ ಗದ್ದೆ ಹಾಳು ಗದ್ದೆಯಲ್ಲ. ಅದರ ಹುಲ್ಲು ಬೇಸಿಗೆಗೆ ಮೊದಲು ಕೊಯ್ದು ದನಕ್ಕೆ ಹಾಕಿ, ನೀರನ್ನು ಮಾತ್ರ ನಿಲ್ಲಲು ಬಿಡಿ. ಮಣ್ಣು ತುಂಬುವ ಮಾತು ಬಂದರೆ ಪಂಚಾಯಿತಿಯಲ್ಲಿ ಕೇಳಿ, ಗಿಡಗಳ ಬಗ್ಗೆ ಓದಿದವರನ್ನು ಕರೆದು ತೋರಿಸಿ, ಸುತ್ತಲಿನ ಮನೆಯವರ ಬಾವಿ ಎಲ್ಲಿ ಉಂಟು ಎಂದು ನೋಡಿ. ಮನೆಯಲ್ಲಿ ನಿಮಗೊಬ್ಬರಿಗೇ ಬೇಡ ಅನಿಸಿದರೂ ಸುಮ್ಮನೆ ಕೂರಬೇಡಿ. ಬೇಡ ಎಂದು ಅವತ್ತೇ, ಎಲ್ಲರಿಗೂ ಕೇಳುವ ಹಾಗೆ ಹೇಳಿ.