ಅಕ್ಕನಿಗೆ ಗುರುತು ಸಿಗದ ಗಂಡ

ನಮ್ಮಕ್ಕನಿಗೆ ಸಿಟ್ಟು ಬಂದರೆ ಪಾತ್ರೆ ಕುಕ್ಕುವುದಿಲ್ಲ, ಮುಖ ಊದಿಸುವುದಿಲ್ಲ. ಗಂಡನ ಗುರುತು ಹಿಡಿಯುವುದನ್ನು ನಿಲ್ಲಿಸುತ್ತಾಳೆ, ಅಷ್ಟೇ. ಭಾವ ಕೆಲಸ ಮುಗಿಸಿ ಬಂದು ಬಾಗಿಲು ತಟ್ಟಿದರೆ ಒಳಗಿನಿಂದಲೇ "ಯಾರು ಬೇಕಿತ್ತು?" ಎನ್ನುತ್ತಾಳೆ. ಅವರು ತಪ್ಪೊಪ್ಪಿಕೊಂಡ ಮೇಲೆಯೇ ಚಿಲಕ ತೆಗೆಯುವುದು. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ ಇದು.

ಈ ಸಲ ಅವಳಿಗೆ ಹಲ್ಲುನೋವು. ಭಾವ "ನಾಳೆ ತೋರಿಸೋಣ" ಎಂದು ದಿನ ತಳ್ಳಿದರು. ಅಕ್ಕ ನೋವಿಗೊಂದು ಮಾತ್ರೆ, ಜ್ವರಕ್ಕೆ ಬೇರೆ ಹೆಸರಿನ ಇನ್ನೊಂದು ಮಾತ್ರೆ ಎಂದು ನುಂಗುತ್ತಲೇ ಹೋದಳು. ಎರಡರಲ್ಲೂ ಇದ್ದದ್ದು ಒಂದೇ ಔಷಧಿ. ಅದು ಅತಿಯಾಗಿ ಲಿವರ್ ಕೈಕೊಟ್ಟಿತು.

ಐಸಿಯುವಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು. "ರಕ್ತ ಹೆಪ್ಪುಗಟ್ಟೋದು ಸುಧಾರಿಸ್ತಾ ಬಂದ್ರೆ, ತಲೆ ತಿಳಿಯಾಗಿದ್ರೆ, ಲಿವರ್ ತಾನಾಗೇ ಚೇತರಿಸ್ಕೊಳ್ಳುತ್ತೆ. ಗೊಂದಲ, ಮಂಪರು ಶುರುವಾದ್ರೆ ಮಾತ್ರ ಕಾಯೋ ಹಾಗಿಲ್ಲ. ಬೇರೆ ಲಿವರ್ ಹಾಕ್ಬೇಕು."

ಹಾಗೇನಾದರೂ ಆದರೆ, ಆ ಬೇರೆ ಲಿವರ್ ನನ್ನದರ ಒಂದು ಭಾಗ. ಪರೀಕ್ಷೆಗಳೆಲ್ಲ ಮುಗಿದು, ಏನೂ ತಿನ್ನದೆ, ಆಸ್ಪತ್ರೆಯ ಗೌನು ತೊಟ್ಟು ಕೂತಿದ್ದೆ. ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು. ಹೊರಗೋಡುವ ಬಾಗಿಲು ಎಲ್ಲಿದೆ ಎಂದು ನಾನಾಗಲೇ ನೋಡಿಟ್ಟುಕೊಂಡಿದ್ದೆ.

ಬೆಳಗಿನ ರಿಪೋರ್ಟು ಚೂರು ವಾಸಿ ಎಂದಿತ್ತು. ಡಾಕ್ಟರಮ್ಮ ಭಾವನನ್ನು ತೋರಿಸಿ ಅಕ್ಕನನ್ನು ಕೇಳಿದರು, "ಇವರು ಯಾರು?"

"ಗೊತ್ತಿಲ್ಲ. ಯಾರನ್ನೋ ನೋಡೋಕೆ ಬಂದಿರ್ಬೇಕು."

ಮುಂದಿನ ಪ್ರಶ್ನೆಗೆ ಅವಳು ಗೋಡೆಯತ್ತ ತಿರುಗಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರಮ್ಮನ ಮುಖ ಇಳಿಯಿತು. ಆಪರೇಷನ್ ಥಿಯೇಟರಿಗೆ ಫೋನು ಹೋಯಿತು. ಹೊರಗೆ ಭಾವ ಗೋಡೆಗೊರಗಿ ಅತ್ತರು. "ನನ್ನನ್ನೇ ಮರೆತ್ಬಿಟ್ಲಲ್ಲಮ್ಮ."

ನನಗೆ ಅನುಮಾನ ಬಂತು. "ಭಾವ, ಬೆಳಿಗ್ಗೆ ಅವಳಿಗೆ ಏನಂದ್ರಿ?"

"ಏನೂ ಇಲ್ಲ. ಹಲ್ಲು ಇನ್ನೂ ನೋಯ್ತಿದೆ ಅಂದ್ಲು. ನಾಳೆ ನೋಡೋಣ ಅಂದೆ."

ನಗುವೂ ಸಿಟ್ಟೂ ಒಟ್ಟಿಗೇ ಬಂದವು. ಎಂಥ ಗಂಡಸಪ್ಪಾ ಇವರು! ಗೌನು ಹಿಡಿದುಕೊಂಡು ಓಡಿ ಡಾಕ್ಟರಮ್ಮನಿಗೆ ಮನೆಯ ಪದ್ಧತಿ ವಿವರಿಸಿದೆ. ಅವರು ನಗಲಿಲ್ಲ. "ಇದ್ರೂ ಇರ್ಬಹುದು. ಆದ್ರೆ ನಾನು ಕಣ್ಣಾರೆ ನೋಡ್ಬೇಕು," ಎಂದು ನಮ್ಮಿಬ್ಬರನ್ನೂ ಒಳಗೆ ಕರೆದೊಯ್ದರು.

ಭಾವ ಮಂಚದ ಪಕ್ಕ ನಿಂತರು. "ತಪ್ಪಾಯ್ತು ಕಣೇ. ನಾಳೆ ಅನ್ನೋ ಮಾತು ಇನ್ನು ನನ್ನ ಬಾಯಲ್ಲಿ ಬರಲ್ಲ."

ಅಕ್ಕ ಕಣ್ಣು ಬಿಟ್ಟಳು. "ಈಗ ಗುರುತು ಸಿಕ್ತು. ಇವ್ರು ನಮ್ಮನೆಯವ್ರು. ಇವತ್ತು ಗುರುವಾರ, ಇದು ಆಸ್ಪತ್ರೆ. ಡಾಕ್ಟ್ರೇ, ನೀವಿನ್ನೂ ಊಟ ಮಾಡಿಲ್ಲ, ಮುಖ ಹೇಳ್ತಿದೆ." ಡಾಕ್ಟರಮ್ಮ ಹೇಳಿದಂತೆ ಚಾಚಿ ತೋರಿಸಿದ ಕೈಗಳಲ್ಲಿ ಅವರು ಹುಡುಕುತ್ತಿದ್ದ ನಡುಕವಿರಲಿಲ್ಲ.

ಡಾಕ್ಟರಮ್ಮ ಕಾದು ನೋಡಲು ತೀರ್ಮಾನಿಸಿದರು. ಸಂಜೆಯ ರಿಪೋರ್ಟು ಇನ್ನಷ್ಟು ವಾಸಿ, ಮರುದಿನದ್ದು ಅದಕ್ಕಿಂತ ವಾಸಿ. ಗೌನು ಕಳಚಿ ಊಟ ಮಾಡು ಎಂದರು ನನಗೆ. ಅಷ್ಟು ಸಂತೋಷದಿಂದ ನಾನು ಎಂದೂ ಉಂಡಿಲ್ಲ.

ಅಕ್ಕ ಮನೆ ಸೇರಿದ ಮೇಲೆ ಒಂದು ದಿನ ಭಾವನ ಫೋನು ಬಂತು. ಖುಷಿಗೆ ಮಾತು ತೊದಲುತ್ತಿತ್ತು. "ನಿಮ್ಮಕ್ಕ ಬಾಗಿಲು ತೆಗೀತಿಲ್ಲಮ್ಮ. ಯಾರು ಬೇಕಿತ್ತು ಅಂತಿದ್ದಾಳೆ."

"ಬೇಗ ತಪ್ಪೊಪ್ಕೊಳ್ಳಿ ಭಾವ."

"ಇರಮ್ಮ," ಎಂದರು. "ಇನ್ನೊಂದೆರಡು ಸಲ ಕೇಳ್ಲಿ."