ಕೋಟಿನ ಮೇಲಿನ ರವೆ

ಕ್ಯಾಮೆರಾ ಎರಡಿದ್ದವು, ಮೆಮೊರಿ ಕಾರ್ಡು ಒಂದೇ ಇತ್ತು, ಸಂಜೆಯ ರಿಹರ್ಸಲ್‌ಗೆ ಮುಂಚೆ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ನನಗಂತೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ನಾಟಕದಲ್ಲಿ ಅಕ್ಕ ತೊಂಬತ್ತರ ಮುದುಕಿ. ಕೊನೆಯ ದೃಶ್ಯದಲ್ಲಿ ಒಂದೇ ಒಂದು ಬಲ್ಬಿನ ಕೆಳಗೆ ಕೂತು, ನಿಧಾನವಾಗಿ ಮುಖ ಎತ್ತುತ್ತಾಳೆ. ಪೋಸ್ಟರಿಗೆ ಆ ಮುಖವೇ ಆಗಬೇಕು ಎಂದು ನಿರ್ದೇಶಕಿ ಮೇಡಂ ಪಟ್ಟು ಹಿಡಿದಿದ್ದರು. ನಾನು ತೆಗೀತೀನಿ ಎಂದು ಗಂಟುಬಿದ್ದೆ.

"ಫ್ಲ್ಯಾಶ್ ಹಾಕೋ ಹಾಗಿಲ್ಲ," ಎಂದಿದ್ದರು ಮೇಡಂ. "ಫೋನಂತೂ ಒಳಗೇ ಬರಬಾರದು. ಅವಳ ಮುಖದ ಮೇಲೆ ಒಂದೊಂದು ಸುಕ್ಕು ಬರೆಯೋಕೂ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಲ್ವಾ? ಅದು ಕಾಣಬೇಕು. ಚೆನ್ನಾಗಿ ಬಂದ್ರೆ ಪೋಸ್ಟರು ನಿಂದು. ಇಲ್ಲಾಂದ್ರೆ ಮಾಮೂಲಿ ಫೋಟೋಗ್ರಾಫರನ್ನೇ ಕರೀತೀನಿ."

ಊರಿನ ಗೋಡೆಗಳ ಮೇಲೆಲ್ಲ ನಾನು ತೆಗೆದ ಫೋಟೋ. ಹಾಗಂದುಕೊಂಡಾಗಲೆಲ್ಲ ಎದುರಿನ ಗೋಡೆಯ ಮೇಲೆ ಕೈಯಲ್ಲೇ ಪೋಸ್ಟರಿನ ಅಳತೆ ಹಿಡಿಯುತ್ತಿದ್ದೆ.

ಕಷ್ಟ ಇರುವುದು ಕತ್ತಲಲ್ಲಿ. ಬೆಳಕು ಕಡಿಮೆಯಾದರೆ ಕ್ಯಾಮೆರಾದ ಐಎಸ್ಒ, ಅಂದರೆ ಬೆಳಕು ಹಿಡಿಯುವ ಚುರುಕು, ಏರಿಸಬೇಕು, ಏರಿಸಿದಷ್ಟೂ ಚಿತ್ರದ ತುಂಬ ಚುಕ್ಕೆ ಚುಕ್ಕೆ. ತಿಳಿದವರು ಅದನ್ನು ನಾಯ್ಸ್ ಅನ್ನುತ್ತಾರೆ. ನಾನೂ ನನ್ನ ಗೆಳತಿ ಸೋಡಾಬುಡ್ಡಿಯೂ ರವೆ ಅನ್ನುತ್ತೇವೆ, ಯಾರೋ ಫೋಟೋ ಮೇಲೆ ಬೊಗಸೆ ರವೆ ಎರಚಿದ ಹಾಗೇ ಕಾಣುವುದರಿಂದ. ಸೋಡಾಬುಡ್ಡಿ ಎಂದರೆ ಅವಳಿಗೆ ಸಿಟ್ಟಿಲ್ಲ. ಅವಳ ಕನ್ನಡಕ ನೋಡಿದರೆ ಬೇರೆ ಹೆಸರು ಯಾರಿಗೂ ಹೊಳೆಯುವುದೂ ಇಲ್ಲ.

ಅವಳು ತಂದದ್ದು ಅವಳಣ್ಣನ ಬೆಳ್ಳಿ ಬಣ್ಣದ ಕ್ಯಾಮೆರಾ, ಹೊಸದು, ಸೋಪಿನಷ್ಟು ತೆಳ್ಳಗೆ. ನನ್ನದು ಚಿಕ್ಕಮ್ಮನ ಮೇಜಿನ ಡ್ರಾಯರಿನಲ್ಲಿ ಸಿಕ್ಕ ಕರಿಯ, ಮೂಲೆಗಳೆಲ್ಲ ಸವೆದು ಹೋಗಿದ್ದವು.

"ಇದನ್ನ ಎತ್ತಿಕೊಂಡು ಹೋದ್ರೆ ಮೇಡಂ ನಮ್ಮನ್ನ ಬಾಗಿಲಲ್ಲೇ ತಡೀತಾರೆ ಕಣೇ," ಎಂದಳು ಸೋಡಾಬುಡ್ಡಿ.

"ಬಾಯಿ ಮುಚ್ಚೇ. ಪರೀಕ್ಷೆ ಮಾಡೋಣ, ಆಮೇಲೆ ಹೇಳು."

ಅಮ್ಮ ಟೈಲರ್. ಮುಂದಿನ ಕೋಣೆಯಲ್ಲಿ ಅವಳ ಮಷಿನ್ನು ಓಡುತ್ತಿತ್ತು. ಹೊಲಿದ ಬಟ್ಟೆಗಳನ್ನು ತೂಗುಹಾಕುವ ಹಿಂದಿನ ಕೋಣೆಗೆ ನುಗ್ಗಿ ಪರದೆ ಎಳೆದು, ಮೂಲೆಯ ಬಲ್ಬೊಂದನ್ನೇ ಉರಿಸಿದೆವು. ತಲೆಯಿಲ್ಲದ ಗೊಂಬೆಯೊಂದಕ್ಕೆ ಅಮ್ಮ ಬೂದು ಬಣ್ಣದ ಕೋಟು ತೊಡಿಸಿದ್ದಳು. ಅದೇ ನಮ್ಮ ಅಕ್ಕ ಎಂದುಕೊಂಡೆವು. ಎರಡೂ ಕ್ಯಾಮೆರಾಗಳನ್ನು ಇಸ್ತ್ರಿ ಮೇಜಿನ ಮೇಲೆ ಒಂದೇ ಜಾಗದಲ್ಲಿಟ್ಟು, ಎರಡಕ್ಕೂ ಒಂದೇ ಐಎಸ್ಒ ಇಟ್ಟು, ಉಸಿರು ಬಿಗಿಹಿಡಿದು ತೆಗೆದೆವು. ಮೊದಲು ಬೆಳ್ಳಿ. ಕಾರ್ಡು ಬದಲಿಸಿ ಆಮೇಲೆ ಕರಿಯ.

ಲ್ಯಾಪ್‌ಟಾಪಿನಲ್ಲಿ ಕೋಟನ್ನು ದೊಡ್ಡದು ಮಾಡಿ ನೋಡಿದೆವು. ಬೆಳ್ಳಿಯ ಕೋಟು ಬೆಣ್ಣೆ ಸವರಿದಷ್ಟು ನುಣುಪು. ಕರಿಯನ ಕೋಟಿನ ಮೇಲೆ ಮೂಟೆಗಟ್ಟಲೆ ರವೆ.

"ನೋಡಿದ್ಯಾ?" ಸೋಡಾಬುಡ್ಡಿ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. "ನಿಮ್ಮ ಚಿಕ್ಕಮ್ಮನ ಕ್ಯಾಮೆರಾಗೆ ಜ್ವರ ಬಂದಿದೆ. ಮೈತುಂಬಾ ಗುಳ್ಳೆ."

ಚಿಕ್ಕಮ್ಮನ ಮೇಲಿನ ಪ್ರೀತಿಯಿಂದ ಮತ್ತೊಮ್ಮೆ ತೆಗೆದೆ. ಮತ್ತೂ ರವೆ. ಸರಿ, ಸೋತೆ ಎಂದೆ. ಕಾರ್ಡು ಬೆಳ್ಳಿಯೊಳಗೆ ಹೋಯಿತು. ಬೆಳ್ಳಿ ಸೋಡಾಬುಡ್ಡಿಯ ಚೀಲದೊಳಗೆ ಹೋಯಿತು.

ಅಷ್ಟರಲ್ಲಿ ಅಮ್ಮನ ಕೂಗು. "ಏನ್ರೇ ಅದು, ಹಾಡಹಗಲೇ ಕತ್ತಲು ಮಾಡ್ಕೊಂಡು? ಆ ಕೋಟು ತಗೊಂಡು ಬಾ. ಕೋಟಿನವರು ಬಂದು ಕೂತಿದಾರೆ."

ಗೊಂಬೆಯಿಂದ ಕೋಟು ಬಿಚ್ಚಿ, ಮಡಚಿ, ಪರದೆ ಸರಿಸಿದೆ. ಕಿಟಕಿಯ ಬಿಸಿಲು ಕೋಟಿನ ಮೇಲೆ ಬಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಕೋಟಿನ ತುಂಬ ರವೆ.

ಕೊಡವಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ, ಆಗಲೂ ಇಲ್ಲ. ಬಟ್ಟೆಯನ್ನು ನೇಯ್ದಿದ್ದೇ ಹಾಗೆ, ಬೂದು ದಾರದ ನಡುನಡುವೆ ಬಿಳಿಯ ಸಣ್ಣ ಸಣ್ಣ ಚುಕ್ಕೆ. ಆ ಮಂಕು ಬಲ್ಬಿನಲ್ಲಿ ನಮ್ಮ ನಾಲ್ಕು ಕಣ್ಣು, ಜೊತೆಗೆ ಅವಳ ಕನ್ನಡಕ, ಯಾವುದಕ್ಕೂ ಅದು ಕಂಡಿರಲಿಲ್ಲ.

"ಸೋಡಾ, ಬಾರೇ ಇಲ್ಲಿ. ಮುಟ್ಟಿ ನೋಡು."

ಅವಳು ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿದಳು. ತಲೆ ಎತ್ತಿದಾಗ ಬಾಯಿ ತೆರೆದೇ ಇತ್ತು.

"ಹಾಗಾದ್ರೆ ನಮ್ಮಣ್ಣನ ಕ್ಯಾಮೆರಾದಲ್ಲಿ ಈ ಚುಕ್ಕೆ ಎಲ್ಲಿಗೆ ಹೋಯ್ತು?"

ಇಬ್ಬರೂ ಲ್ಯಾಪ್‌ಟಾಪಿಗೆ ಹಾರಿದೆವು. ಈ ಸಲ ಕೋಟು ಬಿಟ್ಟು ಹಿಂದಿನ ಗೋಡೆ ನೋಡಿದೆವು. ಗೋಡೆ ನಿಜಕ್ಕೂ ಚುಕ್ಕೆಯಿಲ್ಲದ, ಸಪಾಟಾದ ಬಿಳಿ; ಅದರ ಮೇಲೆ ಕಂಡದ್ದೆಲ್ಲ ಕ್ಯಾಮೆರಾದ್ದೇ ರವೆ. ಕರಿಯನ ಗೋಡೆಯ ಮೇಲೆ ರವೆ ಇತ್ತು, ಸುಳ್ಳು ಹೇಳಲಾರೆ, ಆದರೆ ಚಿಟಿಕೆಯಷ್ಟು. ಬೆಳ್ಳಿ ತನ್ನ ರವೆಯನ್ನು ತಾನೇ ಒರೆಸಿಕೊಳ್ಳುವ ಜಾತಿಯದು, ಆ ಭರದಲ್ಲಿ ಬಟ್ಟೆಯ ಚುಕ್ಕೆಯನ್ನೂ ಒರೆಸಿ ಹಾಕಿತ್ತು. ಗುಂಡಿಯ ಸುತ್ತ ಅಮ್ಮ ಹಾಕಿದ ಹೊಲಿಗೆಯೂ ಮಾಯ. ಕರಿಯನಲ್ಲಿ ಆ ಹೊಲಿಗೆ ಎಣಿಸಬಹುದಿತ್ತು.

"ಅಕ್ಕನ ಮುಖಕ್ಕೂ ಇದು ಹೀಗೇ ಮಾಡುತ್ತೆ," ಎಂದೆ. "ಸುಕ್ಕೆಲ್ಲ ಒರೆಸಿ ಹದಿನಾರರ ಹುಡುಗಿ ಮಾಡಿ ಕೂರಿಸುತ್ತೆ."

"ನಿಮ್ಮಕ್ಕಂಗೆ ಖುಷಿ ಆಗುತ್ತೆ ಬಿಡು."

"ಮೇಡಂ ನನ್ನ ಸಿಗಿದು ಹಾಕ್ತಾರೆ. ತೆಗಿಯೇ ಕಾರ್ಡು!"

ಕೋಟನ್ನು ಅಮ್ಮನ ಕೈಗೆ ತುರುಕಿ, ಕರಿಯನನ್ನು ಕೊರಳಿಗೆ ಹಾಕಿಕೊಂಡು ಓಡಿದೆ. ಬೀದಿಯ ತಿರುವಿನವರೆಗೂ ಅಮ್ಮನ ಬೈಗುಳ ಜೊತೆಗೇ ಬಂತು.

ರಂಗದ ಪಕ್ಕದ ಕತ್ತಲಲ್ಲಿ, ಕಂಬಕ್ಕೆ ಮೊಣಕೈ ಒತ್ತಿ ನಿಂತೆ. ಬಲ್ಬು ಹೊತ್ತಿತು. ಅಕ್ಕ ಮುಖ ಎತ್ತಿದಳು. ನನ್ನಕ್ಕ ಎಂಬುದೇ ಮರೆತುಹೋಯಿತು. ಕ್ಯಾಮೆರಾ ಅಲುಗದಿದ್ದರೆ ಸಾಕಪ್ಪ ಎಂದುಕೊಳ್ಳುತ್ತ ಒತ್ತಿದೆ, ಮತ್ತೆ ಒತ್ತಿದೆ, ಬಲ್ಬು ಆರುವವರೆಗೂ ಒತ್ತಿದೆ.

ಮೇಡಂ ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ನೋಡಿದರು. ಎರಡು ಅಲುಗಿದ್ದವು. ಒಂದರಲ್ಲಿ ಅಕ್ಕನ ಕಣ್ಣು ಮುಚ್ಚಿತ್ತು. ನಾಲ್ಕನೆಯದಕ್ಕೆ ಬಂದು ಅವರ ಬೆರಳು ನಿಂತಿತು. ಕೆನ್ನೆಯನ್ನು ದೊಡ್ಡದು ಮಾಡಿದರು.

"ಚುಕ್ಕೆ ಇದೆಯಲ್ಲೇ."

"ಇದೆ ಮೇಡಂ. ಆದ್ರೆ ಸುಕ್ಕೂ ಇದೆ. ಚುಕ್ಕೆ ಒರೆಸೋ ಕ್ಯಾಮೆರಾನೂ ಇತ್ತು. ಅದು ಸುಕ್ಕನ್ನೂ ಒರೆಸುತ್ತೆ."

ಅವರು ಎದ್ದು, ಹಿಂದೆ ಹಿಂದೆ ಹೆಜ್ಜೆ ಹಾಕಿ, ಕೊನೆಯ ಸಾಲಿನ ಕುರ್ಚಿಗಳ ಹತ್ತಿರ ನಿಂತು ನೋಡಿದರು. ಅಷ್ಟು ದೂರಕ್ಕೆ ಚುಕ್ಕೆ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಸುಕ್ಕು ಕಾಣುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಅಕ್ಕ ಅರ್ಧ ಬಣ್ಣ ಒರೆಸಿಕೊಂಡು ಬಂದು ನನ್ನ ಹೆಗಲ ಮೇಲಿಂದ ಇಣುಕಿದಳು. "ಅಯ್ಯೋ ಪಾಪಿ, ನನ್ನ ಎಷ್ಟು ಮುದುಕಿ ಮಾಡಿದೀಯೇ," ಎಂದು ನನ್ನ ತೋಳು ಚಿವುಟಿದಳು. ಅವಳ ಕಣ್ಣು ಮಾತ್ರ ಆ ಚಿತ್ರ ಬಿಟ್ಟು ಕದಲಲಿಲ್ಲ.

"ಕಾಣ್ತಿದೆ," ಮೇಡಂ ದನಿ ಹಿಂದಿನಿಂದ ಬಂತು. "ಇದೇ ಇರಲಿ. ನಾಳೆ ಪ್ರೆಸ್ಸಿಗೆ ಕಳಿಸ್ತೀನಿ. ಎಲ್ರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ, ಮೊದಲಿಂದ ಮಾಡೋಣ. ಯಾರೂ ಸದ್ದು ಮಾಡಬೇಡಿ."

ನಾನು ಸದ್ದು ಮಾಡಲಿಲ್ಲ. ರಂಗದ ಪರದೆಯ ಹಿಂದೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, ಕುಣಿದೆ.

"ಯಾರದು ಅಲ್ಲಿ, ಹಲಗೆ ಮುರೀತಿರೋದು?" ಎಂದರು ಮೇಡಂ.