ವುನ್ಯೋಲಿಯ ತಾಳ

ಭಾನುವಾರ ಚರ್ಚು ಮುಗಿಸಿ ನಾವು ಮೂವರು ಎಂಬಾಲೆ ಪೇಟೆಯ ಅಸಾವನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೇರುತ್ತಿದ್ದೆವು. ಅವರವರ ಮೆಚ್ಚಿನ ಗಿಟಾರ್ ರೆಕಾರ್ಡು ತಂದು ಉಳಿದವರಿಗೆ ಕೇಳಿಸಬೇಕು. ಹಾಡು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಆಮೇಲೆ ಬೇಕಾದಷ್ಟು ಜಗಳವಾಡಬಹುದು. ನಾನು ಮುಹೊಂಜ, ಬಟ್ಟೆ ಹೊಲಿಯುವವಳು. ಮೂರನೆಯವನು ಕೆಗೊಡೆ, ಬಸ್ಸು ಓಡಿಸಿ ನಿವೃತ್ತನಾದವನು.

ಆ ಸಲ ಕೆಗೊಡೆ ತಂದದ್ದು ಒಂಬಿಮನ ರೆಕಾರ್ಡು. ನಮ್ಮ ಕಡೆ ಗಿಟಾರ್ ಎಂದರೆ ಇಬ್ಬರ ಕೆಲಸ. ಒಬ್ಬ ತಂತಿ ಮೀಟಿದರೆ ಇನ್ನೊಬ್ಬ ಮೊಳೆಯಿಂದ ಸೋಡಾ ಬಾಟಲಿ ಬಡಿದು ತಾಳ ಹಾಕುತ್ತಾನೆ. ಒಂಬಿಮನ ಬಾಟಲಿಯವನು ವುನ್ಯೋಲಿ ಕಾಮಾಲೆ ಬಂದು ತೀರಿಕೊಂಡ. ಆಮೇಲೆ ಒಂಬಿಮ ಒಬ್ಬನೇ ನೈರೋಬಿಗೆ ಹೋಗಿ, ಬಾಟಲಿ ಇಲ್ಲದೆಯೇ ಈ ಹಾಡುಗಳನ್ನು ನುಡಿಸಿ ರೆಕಾರ್ಡು ಮಾಡಿಸಿ ಬಂದ. ಬಂದವನು ಗಿಟಾರನ್ನು ಗೋಡೆಗೆ ನೇತುಹಾಕಿದ, ಮತ್ತೆ ಮುಟ್ಟಲಿಲ್ಲ.

ಅಸಾವ ಮುಳ್ಳು ಇಟ್ಟ. ಗಿಟಾರ್ ಶುರುವಾಯಿತು. ಅದರ ಹಿಂದೆಯೇ, ಟಿಣ್, ಟಿಣ್.

"ಬಾಟಲಿ ಇಲ್ದಿರೋ ರೆಕಾರ್ಡು ಅಂದ್ಯಲ್ಲೋ ಡ್ರೈವರಪ್ಪ?" ಎಂದು ಅಸಾವ ತಾನೇ ನಿಯಮ ಮುರಿದ.

"ಮನೇಲಿ ಎಷ್ಟು ಸಲ ಕೇಳಿದೀನೋ. ಇರ್ಲಿಲ್ಲ ಕಣೋ."

"ನಿನ್ನ ಕಿವೀನ ಬಸ್ಸಿನ ಹಾರನ್ ಯಾವಾಗ್ಲೋ ತಿಂದ್ಹಾಕಿದೆ ಬಿಡು."

ನಾವು ನಕ್ಕೆವು. ಆದರೆ ಮುಂದಿನ ಹಾಡಿನಲ್ಲಿ ಪ್ರತಿ ಸಾಲಿನ ಕೊನೆಗೂ ಬಾಟಲಿ ಒಂದಿಷ್ಟು ಹಿಂದೆ ಬೀಳತೊಡಗಿತು, ಮುಂದೆ ಹೋದವರನ್ನು ಕೂಡಿಕೊಳ್ಳಲು ಓಡಿ ಬರುವವರ ಹಾಗೆ. ಕೆಗೊಡೆಯ ಮುಖ ಕಪ್ಪಿಟ್ಟಿತು.

"ಅದು ವುನ್ಯೋಲಿ. ಹಿಂಗೆ ಹಿಂದೆ ಬೀಳೋನು ಅವನೊಬ್ಬನೇ."

ಅಸಾವ ತಟ್ಟನೆ ಮುಳ್ಳು ಎತ್ತಿದ. ಗಿಟಾರ್ ನಿಂತಿತು. ಬಾಟಲಿ ಇನ್ನೊಂದು ಸಲ ಟಿಣ್ ಎಂದಿತು.

ಒಂಬಿಮನೇ ಇದನ್ನು ಕೇಳಬೇಕು ಎಂದ ಕೆಗೊಡೆ, ಮುಂದಿನ ವಾರ ಅವನನ್ನು ಕರೆತಂದ. ಎತ್ತರದ, ಒಣಕಲು ಮುದುಕ. ಬಟ್ಟೆ ಸುತ್ತಿದ ಗಿಟಾರೂ ಜೊತೆಗಿತ್ತು. ರೆಕಾರ್ಡು ಹಾಕಿದೆವು. ಕೊನೆಯವರೆಗೂ ಬರೀ ಗಿಟಾರ್.

"ಎಲ್ರೋ ಅವನು? ಮುದುಕನ್ನ ಗೇಲಿ ಮಾಡಕ್ಕೆ ಕರೆಸಿದ್ರಾ?" ಎಂದು ಒಂಬಿಮ ಸಿಟ್ಟಿನಿಂದ ಎದ್ದ. ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಏನನ್ನಿಸಿತೋ, ತಿರುಗಿ ಬಂದು ಕೂತು, ಬಟ್ಟೆ ಬಿಚ್ಚಿ, ಶ್ರುತಿ ಮಾಡಿಕೊಂಡು ಅದೇ ಹಾಡು ಹಿಡಿದ.

ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಕಣ್ಣು ಬಿಟ್ಟಾಗ ಅಸಾವ, ಕೆಗೊಡೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಕುಡಿದಿಟ್ಟಿದ್ದ ಸೋಡಾ ಬಾಟಲಿ ನನ್ನ ಎಡಗೈಯಲ್ಲಿತ್ತು. ಬಲಗೈ ನನ್ನ ಚೀಲದಲ್ಲಿದ್ದ ಕತ್ತರಿಯಿಂದ ಅದನ್ನು ಬಡಿಯುತ್ತಿತ್ತು. ಹುಟ್ಟಿದಾಗಿನಿಂದ ತಾಳ ಹಾಕಿದವಳಲ್ಲ ನಾನು. ಕೆಳಗಿಡೋಣವೆಂದರೆ ಬೆರಳು ಬಿಡಿಸಿಕೊಳ್ಳಲಿಲ್ಲ. ಸಾಲಿನ ಕೊನೆ ಬಂದಾಗ ಕೈ ತಾನಾಗಿ ತಡೆದು, ತಡವಾಗಿ ಬಿತ್ತು.

ಒಂಬಿಮ ನುಡಿಸುತ್ತಲೇ ಹೇಳಿದ: "ಯಾವಾಗ್ಲೂ ತಡ ಮಾಡ್ತೀಯಲ್ಲೋ."

"ನೀನ್ಯಾಕೋ ಕಾಯದೆ ಹೋದೆ?" ಎಂದೆ. ದನಿ ನನ್ನದೇ. ಹಿರಿಯರನ್ನು ಹಾಗೆ ಏಕವಚನದಲ್ಲಿ ಕರೆದವಳೇ ಅಲ್ಲ ನಾನು.

ಮುದುಕನ ಕಣ್ಣಿಂದ ನೀರು ಸುರಿಯಿತು, ಕೈ ಮಾತ್ರ ನಿಲ್ಲಲಿಲ್ಲ. ರೆಕಾರ್ಡಿನಲ್ಲಿದ್ದ ಹಾಡುಗಳನ್ನೆಲ್ಲ ನುಡಿಸಿದ, ಇಲ್ಲದವನ್ನೂ ನುಡಿಸಿದ. ಅವು ಯಾವುವೆಂದು ಕೆಗೊಡೆಗೂ ತಿಳಿಯಲಿಲ್ಲ, ನನ್ನ ಕೈಗೆ ಮಾತ್ರ ತಿಳಿದಿತ್ತು. ಅವನು ತಂತಿಗಳ ಮೇಲೆ ಅಂಗೈ ಇಟ್ಟಾಗ ನನ್ನ ಬೆರಳು ಸಡಿಲವಾಗಿ ಬಾಟಲಿ ಉರುಳಿಹೋಯಿತು.

"ಇನ್ನೇನಾದ್ರೂ ಅಂದ್ನಾ ಮಗಳೇ, ಅವನು?" ಹೊರಡುವಾಗ ಒಂಬಿಮ ಕೇಳಿದ.

"ಇಲ್ಲ ತಾತ."

ಅಂದಿದ್ದ. ಇವತ್ತಿಗೂ, ಹೊಲಿಗೆ ಮಿಷನ್ ತುಳಿಯುತ್ತಾ ಕೂತಾಗ ಒಮ್ಮೊಮ್ಮೆ ಕಿವಿಯ ಹತ್ತಿರ ಅದನ್ನೇ ಅನ್ನುತ್ತಾನೆ, ಮೆಲ್ಲಗೆ, ಸಿಟ್ಟೇನೂ ಇಲ್ಲದೆ: ಬರೋಕೆ ಹೇಳು ಅವನಿಗೆ, ಈ ಸಲ ನಾನು ಕಾಯ್ತಿದೀನಿ.

ಒಂಬಿಮ ಈಗ ಪ್ರತಿ ಭಾನುವಾರ ಬರುತ್ತಾನೆ. ನಾನಿನ್ನೂ ಹೇಳಿಲ್ಲ.